ಗಂಟಲಿನ ಆಶೀರ್ವಾದ ಮತ್ತು ಮಕ್ಕಳ ಹೃದಯ

ಪ್ರತಿವರ್ಷ ಫೆಬ್ರವರಿ 3ರಂದು, ಸಂತ ಬ್ಲೇಸರ ಸ್ಮರಣೆಯ ದಿನ, ನಮ್ಮ ಇಗರ್ಜಿಗಳಲ್ಲಿ ಗಂಟಲಿನ ಆಶೀರ್ವಾದ ನಡೆಯುತ್ತದೆ. ಧರ್ಮಗುರುಗಳು ಎರಡು ಮೇಣದ ಬತ್ತಿಗಳನ್ನು ಶಿಲುಬೆಯಾಕಾರದಲ್ಲಿ ಕೊರಳಿಗೆ ಹಿಡಿದು ಪ್ರಾರ್ಥಿಸುವಾಗ ತಾಯಂದಿರು ಮಕ್ಕಳನ್ನು ಮುಂದಕ್ಕೆ ಕರೆತರುತ್ತಾರೆ. ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿ ಸಾಯುತ್ತಿದ್ದ ಬಾಲಕನನ್ನು ಈ ಸಂತರು ಬದುಕಿಸಿದರೆಂದು ಪರಂಪರೆ ಹೇಳುತ್ತದೆ. ಅರ್ಮೇನಿಯಾದ ಸೆಬಾಸ್ತೆಯಲ್ಲಿ ಬಿಷಪರಾಗುವ ಮುನ್ನ ಅವರು ವೈದ್ಯರಾಗಿದ್ದರೆಂಬುದೂ ಅದೇ ಪರಂಪರೆಯ ಮಾತು. ಮೊದಲ ಮಾತನ್ನು ನೆನಪಿಟ್ಟ ನಾವು ಎರಡನೆಯದನ್ನು ಮರೆತಿದ್ದೇವೆಯೆ?

ಮಕ್ಕಳಿಗೆ ಗಂಟಲು ನೋವು ಬರುವುದು ಹೊಸದಲ್ಲ. ಅದರಲ್ಲಿ ಹೆಚ್ಚಿನವು ವೈರಸ್‌ನಿಂದ ಬಂದು ತಾವಾಗಿ ಶಮನವಾಗುತ್ತವೆ. ಮೂಗು ಸೋರಿಕೆ, ಕೆಮ್ಮು ಇದ್ದರೆ ಬಹುಮಟ್ಟಿಗೆ ಅಂಥದ್ದೇ. ಅದಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಆದರೆ ಕೆಮ್ಮಿಲ್ಲದೆ ಹಠಾತ್ತನೆ ಜ್ವರ ಬಂದು, ನುಂಗಲು ನೋವಾಗಿ, ಕೊರಳಿನ ಗ್ರಂಥಿಗಳು ಊದಿಕೊಂಡರೆ ಅದು ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ಕಾಟವಿರಬಹುದು. ಆಗ ವೈದ್ಯರಿಗೆ ತೋರಿಸಲೇಬೇಕು. ಒಂದು ಪೆನಿಸಿಲಿನ್ ಚುಚ್ಚುಮದ್ದು ಅಥವಾ 10 ದಿನಗಳ ಮಾತ್ರೆ ಇದಕ್ಕೆ ಸಾಕು. ಮೂರನೆಯ ದಿನ ಜ್ವರ ಇಳಿಯಿತೆಂದು ಮಾತ್ರೆ ನಿಲ್ಲಿಸುವುದೇ ನಮ್ಮ ಮನೆಗಳಲ್ಲಿ ನಡೆಯುವ ತಪ್ಪು.

ಈ ತಪ್ಪಿನ ಬೆಲೆಯನ್ನು ಕೆಲವು ಮಕ್ಕಳು ಹೃದಯದಿಂದ ತೆರಬೇಕಾಗುತ್ತದೆ. ಗಂಟಲು ಗುಣವಾದ ಎರಡು ಮೂರು ವಾರಗಳ ಬಳಿಕ ಜ್ವರ ಮರಳಿ, ಒಂದು ಕೀಲಿನಿಂದ ಇನ್ನೊಂದಕ್ಕೆ ನೋವು ಹರಿದಾಡತೊಡಗಿದರೆ ಅದು ರುಮ್ಯಾಟಿಕ್ ಜ್ವರವಿರಬಹುದು. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಕೀಲು ನೋವು ಕುರುಹು ಬಿಡದೆ ಹೋಗುತ್ತದೆ. ಹೃದಯದ ಕವಾಟಕ್ಕೆ ತಗಲಿದ ಪೆಟ್ಟು ಉಳಿಯಬಹುದು. ಇಕ್ಕಟ್ಟಾದ ಮನೆಗಳಲ್ಲಿ, ಬಡತನದಲ್ಲಿ ಇದು ಬೆಳೆಯುತ್ತದೆ. 2018ರಲ್ಲಿ ವಿಶ್ವ ಆರೋಗ್ಯ ಸಭೆಯು ಇದರ ವಿರುದ್ಧ ಠರಾವು ಅಂಗೀಕರಿಸಿದ್ದು ಸುಮ್ಮನೆ ಅಲ್ಲ.

ಒಮ್ಮೆ ಈ ಜ್ವರ ಬಂದ ಮಗುವಿಗೆ ಮತ್ತೆ ಬಾರದಂತೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡಬೇಕಾಗುತ್ತದೆ. ಹೃದಯಕ್ಕೆ ಪೆಟ್ಟಾಗದಿದ್ದರೂ ಕನಿಷ್ಠ 5 ವರ್ಷ; ಪೆಟ್ಟಾಗಿದ್ದರೆ ಇನ್ನೂ ದೀರ್ಘಕಾಲ. ಆಡಿ ಓಡುವ ಮಗುವಿಗೆ ಸೂಜಿ ಏಕೆಂದು ಹೆತ್ತವರು ನಿಲ್ಲಿಸಿಬಿಡುತ್ತಾರೆ. ಹೆಣ್ಣುಮಗುವಾದರೆ ನಾಳೆ ಸಂಬಂಧ ಕೂಡಿಬಾರದೆಂಬ ಭಯದಿಂದ ಕಾಯಿಲೆಯನ್ನೇ ಮುಚ್ಚಿಡುವುದುಂಟು. ಕವಾಟ ಕಿರಿದಾದ ಯುವತಿಗೆ ಗರ್ಭಧಾರಣೆಯ ಕಾಲದಲ್ಲಿ ಪ್ರಾಣಾಪಾಯವೇ ಎದುರಾಗಬಹುದು. ಮದುವೆಯ ಪ್ರಸ್ತಾಪಕ್ಕಿಂತ ಮಗಳ ಪ್ರಾಣ ದೊಡ್ಡದೆಂದು ನಾವು ಗಟ್ಟಿಯಾಗಿ ಹೇಳಬೇಕಾಗಿದೆ.

ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಆರಂಭವಾಯಿತು. ಅದರ ತಪಾಸಣೆಯ ಪಟ್ಟಿಯಲ್ಲಿ ಈ ಹೃದ್ರೋಗವೂ ಇದೆ. ಆದರೆ ಅದರ ತಂಡಗಳು ಭೇಟಿ ನೀಡುವುದು ಅಂಗನವಾಡಿಗಳಿಗೆ ಹಾಗೂ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ನಮ್ಮ ಧರ್ಮಕೇಂದ್ರಗಳು ನಡೆಸುವ ಅನುದಾನರಹಿತ ಶಾಲೆಗಳ ಮಕ್ಕಳನ್ನು ನೋಡುವವರಾರು? ವಾರ್ಷಿಕೋತ್ಸವದ ವೇದಿಕೆಗೆ ತಗಲುವ ವೆಚ್ಚದ ಒಂದು ಪಾಲನ್ನು ಮಕ್ಕಳ ತಜ್ಞರಿಂದ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಲು ಬಳಸುವುದು ಅಸಾಧ್ಯವೇನಲ್ಲ. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದ ಫಾದರ್ ಅಗಸ್ಟಸ್ ಮುಲ್ಲರರ ಪರಂಪರೆ ನಮ್ಮದೆಂದು ಹೆಮ್ಮೆಪಡುವ ನಮಗೆ ಇಷ್ಟು ಕರ್ತವ್ಯವಾದರೂ ಇದೆ.

ವಾಳೆಯ ಗುರಿಕಾರರು ಚುಚ್ಚುಮದ್ದು ಪಡೆಯುತ್ತಿರುವ ಮಗು ತಮ್ಮಲ್ಲಿದೆಯೆ ಎಂದು ಗುಟ್ಟು ಕಾಪಾಡಿಕೊಂಡು ವಿಚಾರಿಸಲಿ. ಬಸ್ಸಿನ ಹಣಕ್ಕೂ ದಿನಗೂಲಿಯ ನಷ್ಟಕ್ಕೂ ಅಂಜುವ ಕುಟುಂಬಕ್ಕೆ ಸಂತ ವಿನ್ಸೆಂಟ್ ದ ಪಾವ್ಲ್ ಸಭೆ ನೆರವಾಗಲಿ. ಗಂಟಲಿನ ಆಶೀರ್ವಾದದ ದಿನ ಧರ್ಮಗುರುಗಳು ಈ ವಿಷಯವಾಗಿ ಎರಡು ಮಾತು ಹೇಳಲಿ.

ವೈದ್ಯನೂ ಔಷಧವೂ ದೇವರ ಸೃಷ್ಟಿಯೇ ಎಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ನಮಗೆ ಬೋಧಿಸುತ್ತದೆ. ಆಶೀರ್ವಾದ ಪಡೆದು ಮನೆಗೆ ಮರಳುವ ಹೆತ್ತವರು, ಮಗುವಿನ ಮುಂದಿನ ಚುಚ್ಚುಮದ್ದಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ಅದೂ ಪ್ರಾರ್ಥನೆಯ ಒಂದು ಭಾಗವೆಂದೇ ನಾವು ತಿಳಿಯುತ್ತೇವೆ.