ತಾಲ್ಲೂಕು ಬದಲಾದ ಮೇಲೆ ಹಳ್ಳಿಗಳ ಪಟ್ಟಿ
1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಯ ಹಳೆಯ ಪಟ್ಟಿಗಳಲ್ಲಿ ಜಿಲ್ಲೆಯ ಹೆಸರನ್ನು ತಿದ್ದಬೇಕಾಯಿತು; ಶಿರಹಟ್ಟಿಯಿಂದ ಲಕ್ಷ್ಮೇಶ್ವರ ಪ್ರತ್ಯೇಕ ತಾಲ್ಲೂಕಾದ ಮೇಲೆ ಎಷ್ಟೋ ಹಳ್ಳಿಗಳ ತಾಲ್ಲೂಕನ್ನೂ ತಿದ್ದಬೇಕಾಯಿತು. ಸಾಲದ್ದಕ್ಕೆ ಮುಂಡರಗಿ, ಬೆಟಗೇರಿ ಎಂಬ ಊರುಗಳ ಹೆಸರಿಗೆ ಇಂಗ್ಲಿಷಿನಲ್ಲಿ ಒಂದಕ್ಕಿಂತ ಹೆಚ್ಚು ಕಾಗುಣಿತ. ಇಂಥ ಕೋಷ್ಟಕಗಳನ್ನು ಹಸನು ಮಾಡುವ ಓಪನ್‌ರಿಫೈನ್ ಎಂಬ ಮುಕ್ತ ತಂತ್ರಾಂಶ, ಅಂದರೆ ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಿ ಬದಲಿಸಬಹುದಾದ ತಂತ್ರಾಂಶ, ಮಾಡಿದ ತಿದ್ದುಪಡಿಗಳನ್ನು ಹಂತಹಂತವಾಗಿ ದಾಖಲಿಸಿಕೊಂಡು, ಆ ಸರಣಿಯನ್ನೇ ಬೇರೊಂದು ಕಡತಕ್ಕೂ ಅನ್ವಯಿಸಲು ಅವಕಾಶ ಕೊಡುತ್ತದೆ. ಮರುಬಳಕೆಯ ಕಾರ್ಯವಿಧಾನದ ಮಾದರಿ ಎಂದರೆ ಈ ಸರಣಿಯೇ. ಒಂದೊಂದೇ ಕೋಶಕ್ಕೆ ಕೈಯಾರೆ ಮಾಡಿದ ತಿದ್ದುಪಡಿ ಆ ಸರಣಿಯಲ್ಲಿ ಸೇರುವುದಿಲ್ಲ. ಆದರೆ ಶಿರಹಟ್ಟಿ ಎಂದಿರುವಲ್ಲೆಲ್ಲ ಲಕ್ಷ್ಮೇಶ್ವರ ಎಂದು ಬದಲಿಸುವ ನಿಯಮ ಶಿರಹಟ್ಟಿಯಲ್ಲೇ ಉಳಿದ ಹಳ್ಳಿಗಳನ್ನೂ ಆಚೆಗೆ ಸಾಗಿಸಿಬಿಡುವುದರಿಂದ, ಮಾದರಿಯ ಜೊತೆಗೆ ಹಳ್ಳಿವಾರು ಪಟ್ಟಿಯೂ ಇರಲೇಬೇಕಾಗುತ್ತದೆ.