ಚಹಾ ಲೋಟ ತೊಳೆಯಲು ಹಚ್ಚಿದ್ದು ಕನ್ನಡವೇ?

ಪಾಲಕ ಬಂಧುಗಳೇ,

ಕಳೆದ ಬೇಸಿಗೆ ರಜೆಯಲ್ಲಿ ಒಂದು ಸಂಜೆ ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ತಂದೆ ನನ್ನ ಮನೆಗೆ ಬಂದರು. ಕೂಡ್ರಿ ಎಂದರೂ ಕೂಡಲಿಲ್ಲ. "ಮಗಳದು ಹತ್ತನೇದು ಒಂದು ವರ್ಷ ಉಳದದ, ಹೆಂಗೋ ಮುಗಸ್ತಾಳ. ಮಗನ ಟಿ.ಸಿ. ಕೊಡಸ್ರಿ ಸರ. ಅವನ್ನ ಇಂಗ್ಲಿಷ್ ಸಾಲಿಗೆ ಹಾಕ್ತೀನಿ" ಎಂದರು. ಮಗ ಆಗಷ್ಟೇ ಮೂರನೆಯ ತರಗತಿ ಮುಗಿಸಿದವನು. ಅಕ್ಕನಿಗೆ ಆದ ಅವಮಾನಕ್ಕೆ ತಮ್ಮನ ಟಿ.ಸಿ. ಹೊರಟಿತ್ತು.

ಆದದ್ದು ಇಷ್ಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದು ಒಳ್ಳೆಯ ಮಾತಿದೆ. 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಊರಿನ ಬಡಿಗರು, ಕುಂಬಾರರು, ತೋಟಗಾರರಂಥ ಕುಶಲಕರ್ಮಿಗಳ ಹತ್ತಿರ ಕಲಿಯಬೇಕು. 12ನೆಯ ತರಗತಿಯವರೆಗಿನ ಮಕ್ಕಳಿಗೂ ರಜೆಯಲ್ಲಿ ಇಂಥ ಅವಕಾಶ ಸಿಗಬೇಕು ಎಂದು ಅದು ಹೇಳುತ್ತದೆ. ಇದು ಹೊಸ ಮಾತೂ ಅಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಹೇಳಿದ್ದು ಇದನ್ನೇ, ಕೊಠಾರಿ ಆಯೋಗ 1966ರಲ್ಲಿ ಬರೆದದ್ದೂ ಇದನ್ನೇ. ಆ ಮಾತನ್ನು ನೆಚ್ಚಿ ನಾವು ಕೆಲವು ಶಿಕ್ಷಕರು ಒಂಬತ್ತನೆಯ ತರಗತಿ ಮುಗಿಸಿದ ಮಕ್ಕಳನ್ನು ಹತ್ತು ದಿನದ ಮಟ್ಟಿಗೆ ಬೇರೆ ಬೇರೆ ಕಡೆ ಕೆಲಸ ಕಲಿಯಲು ಕಳಿಸಿದೆವು. ಈ ಹುಡುಗಿಯ ಪಾಲಿಗೆ ಒಂದು ಕಚೇರಿ ಬಂತು.

ಮೊದಲ ದಿನವೇ "ಯಾವ ಮಾಧ್ಯಮ?" ಎಂದು ಕೇಳಿದರು. ಕನ್ನಡ ಎಂದಳು. "ಕನ್ನಡ ಓದಿದವಳಿಗೆ ಇಲ್ಲೇನು ಕೆಲಸ" ಎಂದು ಚಹಾ ಲೋಟ ತೊಳೆಯಲು ಹಚ್ಚಿದರು. ಮೂರು ದಿನ ಅದೇ ಆಯಿತು. ಮೂರನೆಯ ದಿನ ಸಂಜೆ ಅವಳು ದಿನಚರಿ ಪುಸ್ತಕ ತೋರಿಸಿ ಸಹಿ ಕೇಳಿದಳು. ಕಚೇರಿಯಲ್ಲಿ ಕಂಡದ್ದನ್ನೆಲ್ಲ ದುಂಡು ಅಕ್ಷರದಲ್ಲಿ ಕನ್ನಡದಲ್ಲೇ ಬರೆದಿದ್ದಳು. ನಮಗೆ ಓದಲು ಬಾರದ ಬರಹಕ್ಕೆ ಸಹಿ ಹಾಕುವುದಿಲ್ಲ ಎಂದು ಪುಸ್ತಕವನ್ನು ಹಾಗೇ ತಿರುಗಿಸಿ ಕೊಟ್ಟರು. ಹುಡುಗಿ ಅಳುತ್ತ ಮನೆಗೆ ಹೋದಳು. ತಂದೆ ನನ್ನ ಬಾಗಿಲಿಗೆ ಬಂದರು.

ಅವರ ಸಿಟ್ಟು ನನಗೆ ತಿಳಿಯುತ್ತದೆ. ಮಗಳಿಗೆ ಹಾಗಾದರೆ ನನಗೂ ಸಿಟ್ಟು ಬರುತ್ತಿತ್ತು. ಆದರೆ ನಿಮ್ಮೆಲ್ಲರನ್ನೂ ಒಂದು ಮಾತು ಕೇಳುತ್ತೇನೆ. ಅವಳ ಕೈಗೆ ಲೋಟ ಕೊಟ್ಟದ್ದು ಕನ್ನಡವೇ? ಅಲ್ಲ. ಕಲಿಸಲು ಮನಸ್ಸಿಲ್ಲದ ಒಬ್ಬ ಮನುಷ್ಯ ಕೊಟ್ಟ. ಅವಳು ಇಂಗ್ಲಿಷ್ ಮಾಧ್ಯಮದವಳಾಗಿದ್ದರೆ ಅವನಿಗೆ ಬೇರೊಂದು ನೆಪ ಸಿಗುತ್ತಿತ್ತು. ಆ ನೆಪವನ್ನೇ ತೀರ್ಪೆಂದು ತಿಳಿದು ನಾವು ಶಾಲೆ ಬಿಡಿಸಲು ಓಡುತ್ತೇವೆ!

ಮುಂದಿನದನ್ನೂ ಕೇಳಿ. ಉಳಿದ ಏಳು ದಿನಕ್ಕೆ ಅವಳನ್ನು ನಾರಾಯಣಪೇಟೆಯ ಒಂದು ನೇಕಾರರ ಮನೆಗೆ ಕಳಿಸಿದೆವು. ಆ ಮನೆಯ ಮಾತು ತೆಲುಗು. ನಮ್ಮ ಹಾಸಿಗೆ ಅವರು ಪಡುಗು ಎನ್ನುತ್ತಾರೆ, ಹೊಕ್ಕಿಗೆ ಪೇಕ ಎನ್ನುತ್ತಾರೆ. ಎರಡು ದಿನದಲ್ಲಿ ಹುಡುಗಿ ಎರಡನ್ನೂ ಕಲಿತಳು. ಒಂದು ಹಾಸಿನಲ್ಲಿ ಎಂಟು ಸೀರೆ ತೆಗೆಯುವ ಲೆಕ್ಕ, ಚೌಕುಳಿ ಬರಲು ಬಣ್ಣದ ಎಳೆಗಳನ್ನು ಎಣಿಸಿ ಕೂಡಿಸುವ ಲೆಕ್ಕ, ಎಲ್ಲವನ್ನೂ ತನ್ನ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡಳು. ಸೈದಾಪುರದ ಕಡೆಯಿಂದ ಮದುವೆ ಸೀರೆಗೆಂದು ಒಂದು ಕುಟುಂಬ ಬಂದಾಗ ಆ ಮನೆಯವರ ಮತ್ತು ಗಿರಾಕಿಗಳ ನಡುವೆ ಕೂತು ಮಾತು ಕುದುರಿಸಿದವಳು ಅವಳೇ. ಕೊನೆಯ ದಿನ ಅದೇ ದಿನಚರಿಯನ್ನು ಆ ಮನೆಯ ಹಿರಿಯರ ಮುಂದೆ ಹಿಡಿದಳು. ಅವರಿಗೂ ಕನ್ನಡ ಅಕ್ಷರ ಬಾರದು. ಅವರು ಮಾಡಿದ್ದೇನು ಗೊತ್ತೇ? "ಓದಿ ಹೇಳಮ್ಮಾ" ಎಂದರು. ಹುಡುಗಿ ಒಂದೊಂದು ಸಾಲನ್ನೂ ಓದಿ ತೆಲುಗಿನಲ್ಲಿ ತಿಳಿಸಿದಳು. ಒಂದು ಕಡೆ ಎಳೆಯ ಲೆಕ್ಕ ತಪ್ಪಿತ್ತು; ತಿದ್ದಿಸಿ, ಆಮೇಲೆ ಸಹಿ ಹಾಕಿದರು.

ಕಚೇರಿಗೂ ಕನ್ನಡ ಬಾರದು, ಮಗ್ಗದ ಮನೆಗೂ ಕನ್ನಡ ಬಾರದು. ಹುಡುಗಿ ಒಬ್ಬಳೇ, ಪುಸ್ತಕ ಒಂದೇ. ಒಂದು ಕಡೆ ಅದು ಕಸವಾಯಿತು, ಇನ್ನೊಂದು ಕಡೆ ಲೆಕ್ಕವಾಯಿತು. ಇನ್ನು ದೋಷ ಎಲ್ಲಿದೆ ಎಂದು ನೀವೇ ಹೇಳಿ.

"ಈ ಸೀಮೆಯಲ್ಲಿ ಕನ್ನಡ ಯಾಕೆ ಬೇಕು?" ಎಂದು ಕೇಳುವವರಿಗೆ ನಮ್ಮ ನೆಲದ ಚರಿತ್ರೆ ಗೊತ್ತಿಲ್ಲ. ಗದ್ವಾಲ ಮತ್ತು ಆಲಂಪುರ ತಾಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಗದ್ವಾಲ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಗೆರೆಗಳು ಸರಿದವು, ನಾವು ಸರಿಯಲಿಲ್ಲ. ನಾರಾಯಣಪೇಟೆ ರೋಡ್ ಎಂಬ ಹೆಸರು ಹೊತ್ತಿದ್ದ ರೈಲು ನಿಲ್ದಾಣ ಇರುವುದೇ ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ. ಕೃಷ್ಣಾ ಮಂಡಲದವರು ಹೊಳೆ ದಾಟಿದರೆ ಶಕ್ತಿನಗರದ ವಿದ್ಯುತ್ ಸ್ಥಾವರ, ಅದರಾಚೆ ರಾಯಚೂರಿನ ಪೇಟೆ. ಬೀಗರು ಆ ಕಡೆ, ಗಿರಾಕಿಗಳು ಆ ಕಡೆ. ಇಂಥ ಸೀಮೆಯಲ್ಲಿ ಎರಡು ಲಿಪಿ ಬಲ್ಲ ಮಗುವಿಗೆ ಬೆಲೆಯಿಲ್ಲವೇ?

ಕಾನೂನು ಏನು ಹೇಳುತ್ತದೆ? ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯಿನುಡಿಯಲ್ಲಿ ಶಿಕ್ಷಣದ ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಮಾತನ್ನು ಮಾತ್ರ. ನಮ್ಮ ಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತಿ, ಅಲ್ಲಿಂದ ಕೆಲಸದ ಜಗತ್ತಿಗೆ ಇಣುಕುವ ಹೊತ್ತಿಗೆ ಆ ವಿಧಿಯ ನೆರಳು ಮುಗಿದಿರುತ್ತದೆ. ಹುಡುಗಿ ಎಡವಿದ್ದು ಇದೇ ಜಾಗದಲ್ಲಿ. ಕನ್ನಡ ಮಾಧ್ಯಮದ ಶಾಲೆ ಇರಲಿ ಎನ್ನುವ ಸರ್ಕಾರ, ಆ ಶಾಲೆಯ ಮಗು ಹೊರಗೆ ಕಾಲಿಟ್ಟಾಗ ಅದರ ಕೈಗೆ ಒಂದು ಕನ್ನಡದ ಕಾಗದವನ್ನೂ ಕೊಡುವುದಿಲ್ಲ. ಇದನ್ನು ಮಲತಾಯಿ ಧೋರಣೆ ಎನ್ನದೆ ಮತ್ತೇನೆನ್ನಬೇಕು?

ಸರ್ಕಾರವನ್ನು ಬೈದು ಸುಮ್ಮನಾದರೆ ನನ್ನ ಮಾತು ಅರ್ಧವೇ ಆದೀತು. ತಪ್ಪು ನಮ್ಮದೂ ಇದೆ. ಹುಡುಗಿಯ ಕೈಯಲ್ಲಿ ಕಳಿಸಿದ ಪತ್ರವನ್ನು ನಾನು ತೆಲುಗಿನಲ್ಲಿ ಮಾತ್ರ ಬರೆದಿದ್ದೆ. ಅವಳ ದಿನಚರಿ ಕನ್ನಡದಲ್ಲಿರುತ್ತದೆ, ಓದಿಸಿ ಕೇಳಿರಿ ಎಂದು ಒಂದು ಸಾಲು ಸೇರಿಸಲಿಲ್ಲ. ಕಳಿಸುವ ಮೊದಲು ಒಮ್ಮೆಯೂ ಆ ಕಚೇರಿಗೆ ಹೋಗಲಿಲ್ಲ. ತೆಲುಗಿನಲ್ಲಿ ಒಂದು ಅರ್ಜಿ ಬರೆಯುವುದನ್ನು ಅವಳಿಗೆ ಸರಿಯಾಗಿ ರೂಢಿ ಮಾಡಿಸಿರಲಿಲ್ಲ. ತೆಲುಗು ನಮ್ಮ ಶತ್ರುವಲ್ಲ. 2018ರ ಕಾಯ್ದೆ ಇಲ್ಲಿನ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯ ವಿಷಯ ಮಾಡಿದೆ. ಅದನ್ನು ಕಾಟಾಚಾರಕ್ಕೆ ಕಲಿಸಿದರೆ ನಷ್ಟ ನಮ್ಮ ಮಕ್ಕಳಿಗೇ. ಕನ್ನಡದಲ್ಲಿ ಗಟ್ಟಿಯಾಗಿ ಓದಿದ ಮಗು ತೆಲುಗನ್ನೂ ಇಂಗ್ಲಿಷನ್ನೂ ಕಲಿಯಬಲ್ಲದು. ಮಗ್ಗದ ಮನೆಯಲ್ಲಿ ಅದನ್ನು ಕಂಡೆವಲ್ಲ!

ಇನ್ನು ನಿಮ್ಮ ಪಾಲು. 2022-23ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮ ಬಂದಿದೆ. ಅಲ್ಲಿಗೆ ಹೋದ ಮಕ್ಕಳೆಲ್ಲ ಮೇಜಿನ ಆಚೆ ಕೂಡುತ್ತಾರೆ, ಕನ್ನಡದ ಮಕ್ಕಳು ಲೋಟ ತೊಳೆಯುತ್ತಾರೆ ಎಂಬ ಮಾತು ಹಬ್ಬುತ್ತಿದೆ. ಹಬ್ಬಿಸುವವರು ಯಾರು, ಅವರಿಗೇನು ಲಾಭ ಎಂದು ವಿಚಾರ ಮಾಡಿದ್ದೀರಾ? ಮಗುವಿನ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಮಗುವಿನ ಪರವಾಗಿ ಪಾಲಕರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ಹೇಳಿತು. ಕನ್ನಡದ ಶಾಲೆ ಉಳಿಯುವುದು ಬಿಡುವುದು ಇಂದು ನಿಮ್ಮ ಸಹಿಯ ಮೇಲೆ ನಿಂತಿದೆ. ಒಂದು ತರಗತಿಯಿಂದ ನಾಲ್ಕು ಟಿ.ಸಿ. ಹೊರಬಿದ್ದರೆ ಮಕ್ಕಳಿಲ್ಲವೆಂದು ಶಿಕ್ಷಕರ ಹುದ್ದೆ ಹೋಗುತ್ತದೆ. ಹುದ್ದೆ ಹೋದರೆ ಶಿಕ್ಷಕರಿಲ್ಲವೆಂದು ಉಳಿದ ಮಕ್ಕಳೂ ಹೋಗುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದುದರಿಂದ ಟಿ.ಸಿ. ಕೇಳುವ ಬದಲು ಇವನ್ನು ಕೇಳಿ:

1. ಕೆಲಸ ಕಲಿಯಲು ಕಳಿಸುವ ಪತ್ರ, ದಿನಚರಿ, ಕೊನೆಗೆ ಕೊಡುವ ಪ್ರಮಾಣಪತ್ರ, ಮೂರೂ ಕನ್ನಡ ಮತ್ತು ತೆಲುಗು ಎರಡರಲ್ಲಿ ಇರಲಿ. ಮಗು ಕನ್ನಡದಲ್ಲಿ ಬರೆದ ದಿನಚರಿಗೆ ಪೂರ್ಣ ಮನ್ನಣೆ ಸಿಗಲಿ.

2. ಕಳಿಸುವ ಮೊದಲು ಒಂದು ತಿಂಗಳು ಅರ್ಜಿ, ರಸೀದಿ, ಲೆಕ್ಕದ ಪುಸ್ತಕ ಬರೆಯುವುದನ್ನು ಎರಡೂ ಭಾಷೆಯಲ್ಲಿ ಶಾಲೆ ರೂಢಿ ಮಾಡಿಸಲಿ. ಇದು ನಮ್ಮ ಶಿಕ್ಷಕರ ಹೊಣೆ. ಮಾಡದಿದ್ದರೆ ನಮ್ಮನ್ನೇ ಕೇಳಿ.

3. ಕಲಿಯುವುದು ಬೇರೆ, ಬಿಟ್ಟಿ ದುಡಿಮೆ ಬೇರೆ. ಗದ್ವಾಲದ ಹತ್ತಿ ಬೀಜದ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೆಲಸಕ್ಕೆ ಎಷ್ಟು ಮಕ್ಕಳ ಶಾಲೆ ಬಿಡಿಸಿದರೆಂಬುದು ನಿಮಗೆ ಗೊತ್ತು. ಆ ದುಡಿಮೆಗೆ ಹೊಸ ಹೆಸರು ಬರುವುದು ಬೇಡ. ಹತ್ತು ದಿನದಲ್ಲಿ ಒಂದು ದಿನ ಪಾಲಕರೂ ಹೋಗಿ ನೋಡಿ ಬರಲಿ.

ಇದನ್ನೆಲ್ಲ ಎಲ್ಲಿ ಕೇಳುವುದು? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಸಮಿತಿ ಇರುವ ಕಡೆ ಅಲ್ಲಿ ಠರಾವು ಮಾಡಿ. ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಡಿ, ಒಂದು ಪ್ರತಿ ಜಿಲ್ಲಾ ಶಿಕ್ಷಣಾಧಿಕಾರಿಗೆ ಹೋಗಲಿ. 350ಬಿ ವಿಧಿಯಂತೆ 1957ರಿಂದ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆಯೊಂದಿದೆ. ಇನ್ನೊಂದು ಪ್ರತಿ ಅಲ್ಲಿಗೂ ಹೋಗಲಿ. ಬಾಯಿಮಾತಿನ ದೂರು ಚಹಾ ಅಂಗಡಿ ದಾಟುವುದಿಲ್ಲ. ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.

ಅಂದು ಬಂದ ತಂದೆಗೆ ಇದನ್ನೆಲ್ಲ ಹೇಳಿದೆ. ಅವರು ಒಪ್ಪಿದರೆಂದು ಹೇಳಲಾರೆ. ಮಗಳ ದಿನಚರಿಯ ಕೊನೆಯ ಪುಟದ ಸಹಿಯನ್ನು ಮಾತ್ರ ಬಹಳ ಹೊತ್ತು ನೋಡಿದ್ದರು ಎಂದು ಆಮೇಲೆ ಅವಳೇ ಹೇಳಿದಳು. ಜೂನ್‌ನಲ್ಲಿ ಹುಡುಗ ನಾಲ್ಕನೆಯ ತರಗತಿಗೆ ನಮ್ಮಲ್ಲೇ ಬಂದು ಕುಳಿತ. ಮುಂದಿನ ಜೂನ್‌ನಲ್ಲೂ ಅವನು ಅಲ್ಲೇ ಇರಬೇಕಾದರೆ, ಈ ಸಲ ಕಳಿಸುವ ಪತ್ರ ಕನ್ನಡದಲ್ಲೂ ಇರಬೇಕು. ಅದಕ್ಕೆ ನಿಮ್ಮ ಅರ್ಜಿ ಬೇಕು.

— ನಾರಾಯಣಪೇಟೆಯ ಒಬ್ಬ ಕನ್ನಡ ಶಿಕ್ಷಕ