ಅಡ್ವಾನ್ಸ್ ಹಣದ ಋಜುವಾತು
ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಮೇಲಿನ ಪೆರೇಸಂದ್ರದಂಥ ಊರಿನಲ್ಲಿ ಅಂಗಡಿ ಹಿಡಿಯುವವರು ಮಾಲೀಕರಿಗೆ ಕೊಡುವ ಅಡ್ವಾನ್ಸ್, ಅಂದರೆ ಮಳಿಗೆ ಬಿಡುವಾಗ ಮರಳಿ ಬರಬೇಕಾದ ಭದ್ರತಾ ಠೇವಣಿ, ವಿವಾದಕ್ಕೆ ಸಿಲುಕಿದರೆ 1999ರ ಕರ್ನಾಟಕ ಬಾಡಿಗೆ ಅಧಿನಿಯಮದ ನೆರವು ಸಿಗುವುದು ಅಪರೂಪ. 14 ಚದರ ಮೀಟರಿಗಿಂತ ದೊಡ್ಡ ಮಳಿಗೆಗಳನ್ನು ಆ ಕಾಯಿದೆ ಹೊರಗಿಟ್ಟಿರುವುದರಿಂದ ವ್ಯಾಜ್ಯವು ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ. ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿಯೇ ಕಾನೂನೆಂದು ಮಾಲೀಕರು ಭಾವಿಸಿರುತ್ತಾರಾದರೂ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಕಲಮು, ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಬೇರೆ ರೀತಿ ಹೇಳದಿದ್ದಲ್ಲಿ, ಸಹಜ ಸವೆತದ, ಎಂದರೆ ದಿನಬಳಕೆಯಿಂದ ತಾನಾಗಿ ಆಗುವ ಹಾಳಿನ, ಹೊರೆಯನ್ನು ಬಾಡಿಗೆದಾರರ ಮೇಲೆ ಹೊರಿಸುವುದಿಲ್ಲ. ಕರಾರಿನಲ್ಲಿ ಮುಟ್ಟುಗೋಲಿನ ಷರತ್ತಿದ್ದರೂ 1872ರ ಕರಾರು ಅಧಿನಿಯಮದ 74ನೇ ಕಲಮು ಸಮಂಜಸ ಪರಿಹಾರವನ್ನಷ್ಟೇ ಒಪ್ಪುತ್ತದೆ. ದೆಹಲಿಯ ನಿವೇಶನವೊಂದರ ಹರಾಜಿನ ಮುಂಗಡಕ್ಕೆ ಸಂಬಂಧಿಸಿದ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ (2015) ಸುಪ್ರೀಂ ಕೋರ್ಟು, ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲವೆಂದಿತು. ಬಾಡಿಗೆಯ ಪ್ರಕರಣವಲ್ಲದಿದ್ದರೂ ಅದರ ತರ್ಕ ಇಲ್ಲಿಗೂ ಸಲ್ಲಬೇಕಾದದ್ದೇ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆಯು ಠೇವಣಿಯನ್ನು ಮನೆಗೆ ಎರಡು, ಮಳಿಗೆಗೆ ಆರು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆಯಾದರೂ, ರಾಜ್ಯವೊಂದು ತನ್ನದಾಗಿಸಿಕೊಳ್ಳದೆ ಅದಕ್ಕೆ ಅಲ್ಲಿ ಬಲವಿಲ್ಲ.